ಊರ ಕೊಳದಿಂದ ಪರದೆಯ ಕೊಳದವರೆಗೆ

ಆರನೇ ತರಗತಿಯ ವಿಜ್ಞಾನ ಪಾಠದಲ್ಲಿ ಎರಡು ಪಟ್ಟಿಗಳು ಬರುತ್ತವೆ. ಗಿಡಮರ, ಪ್ರಾಣಿ, ಸೂಕ್ಷ್ಮಜೀವಿಗಳು ಜೈವಿಕ ಘಟಕಗಳು. ಬಿಸಿಲು, ನೀರು, ಗಾಳಿ, ಮಣ್ಣು, ಉಷ್ಣತೆ ಅಜೈವಿಕ ಘಟಕಗಳು. ಮಕ್ಕಳು ಎರಡನ್ನೂ ಸಲೀಸಾಗಿ ಬಾಯಿಪಾಠ ಮಾಡುತ್ತಾರೆ. ಒಂದು ಪಟ್ಟಿಯಲ್ಲಿ ಏನೋ ಬದಲಾದರೆ ಇನ್ನೊಂದರಲ್ಲಿ ಏನಾಗುತ್ತದೆ ಎಂದು ಕೇಳಿದಾಗ ತಡವರಿಸುತ್ತಾರೆ. ಆ ಸಂಬಂಧವನ್ನು ಮಕ್ಕಳಿಗೆ ಮುಟ್ಟಿಸುವುದು ಹೇಗೆ ಎಂಬ ಹುಡುಕಾಟ ಸುಮಾರು ನೂರ ನಲವತ್ತು ವರ್ಷಗಳಿಂದ ನಡೆದಿದೆ.

ಅದರ ಒಂದು ಮುಖ್ಯ ಆರಂಭ ಜರ್ಮನಿಯ ಕೀಲ್ ನಗರದಲ್ಲಿ. ಪ್ರಾಣಿಶಾಸ್ತ್ರಜ್ಞ ಕಾರ್ಲ್ ಮೋಬಿಯಸ್ ಸಮುದ್ರದ ಸಿಂಪಿಗಳನ್ನು ಅಭ್ಯಸಿಸಿ 1877ರಲ್ಲಿ ಪುಸ್ತಕ ಬರೆದರು. ನೀರಿನ ಉಪ್ಪು, ಶಾಖ, ತಳದ ಸ್ವರೂಪ, ನೆರೆಯ ಜೀವಿಗಳು ಎಲ್ಲ ಒದಗಿಬಂದ ಕಡೆ ಮಾತ್ರ ಸಿಂಪಿ ನೆಲೆಯೂರುತ್ತದೆ ಎಂದು ಅವರು ತೋರಿಸಿಕೊಟ್ಟರು. ಅದೇ ಊರಿನ ಶಾಲಾಮಾಸ್ತರ ಫ್ರೀಡ್ರಿಕ್ ಯೂಂಗೆ ಈ ವಿಚಾರವನ್ನು ತರಗತಿಗೆ ತಂದರು. ಹಳ್ಳಿಯ ಕೊಳವನ್ನು ಒಂದು ಜೀವಸಮುದಾಯವಾಗಿ ನೋಡುವ ಅವರ ಪುಸ್ತಕ ಬಂದದ್ದು 1885ರಲ್ಲಿ. ಸತ್ತ ಮಾದರಿಗಳನ್ನು ಬೀರುವಿನಿಂದ ತೆಗೆದು ಹೆಸರು ಹೇಳಿಸುತ್ತಿದ್ದ ಕಾಲದಲ್ಲಿ, ಮಕ್ಕಳ ಕಣ್ಣೆದುರಿನ ಕೊಳವನ್ನೇ ಪಾಠವಾಗಿಸಿದ್ದು ದೊಡ್ಡ ಹೆಜ್ಜೆ.

ಅಮೆರಿಕದಲ್ಲಿ ನಿಸರ್ಗ ಅಧ್ಯಯನದ ಚಳವಳಿ ಬೆಳೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಆನಾ ಬಾಟ್ಸ್‌ಫೋರ್ಡ್ ಕಾಮ್‌ಸ್ಟಾಕ್ 1911ರಲ್ಲಿ ಶಿಕ್ಷಕರಿಗಾಗಿ ತಂದ ಕೈಪಿಡಿ ಇಂದಿಗೂ ಓದಿಸಿಕೊಳ್ಳುತ್ತದೆ. ಗಮನವಿಟ್ಟು ನೋಡುವುದನ್ನು ಆ ಚಳವಳಿ ಚೆನ್ನಾಗಿ ಕಲಿಸಿತು. ಆದರೆ ಹಕ್ಕಿಗೊಂದು ಪಾಠ, ಹೂವಿಗೊಂದು ಪಾಠ, ಮಣ್ಣಿಗೆ ಇನ್ನೊಂದು ಎಂದಾಗಿ, ಅವುಗಳ ನಡುವಿನ ಎಳೆ ಸಡಿಲವಾಯಿತು ಎಂದು ನನಗನಿಸುತ್ತದೆ.

ಎಳೆ ಮತ್ತೆ ಬಿಗಿಯಾದದ್ದು ವಿಜ್ಞಾನದ ಕಡೆಯಿಂದ. 1935ರಲ್ಲಿ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ ಜೀವಿಗಳನ್ನೂ ಅವುಗಳ ಭೌತಿಕ ಪರಿಸರವನ್ನೂ ಒಂದೇ ವ್ಯವಸ್ಥೆಯಾಗಿ ಕಾಣಬೇಕೆಂದರು. 1942ರಲ್ಲಿ ರೇಮಂಡ್ ಲಿಂಡೆಮನ್ ಮಿನೆಸೋಟದ ಒಂದು ಪುಟ್ಟ ಸರೋವರದಲ್ಲಿ ಶಕ್ತಿ ಸಾಗುವ ದಾರಿಯನ್ನು ಲೆಕ್ಕಹಾಕಿದರು. 1953ರ ಯೂಜೀನ್ ಓಡಮ್ ಅವರ ಪಠ್ಯಪುಸ್ತಕ ಇದನ್ನೆಲ್ಲ ಕಾಲೇಜಿಗೆ ಮುಟ್ಟಿಸಿತು. ಅಲ್ಲಿಂದ ಬಾಣದ ಗುರುತುಗಳ ಆಹಾರಜಾಲ ಶಾಲೆಗೂ ಇಳಿಯಿತು.

ನಮ್ಮ ದೇಶದ ಪ್ರಯೋಗಗಳಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ. ಕಿಶೋರ್ ಭಾರತಿ ಸಂಸ್ಥೆ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ 1972ರಲ್ಲಿ ಅದನ್ನು 16 ಶಾಲೆಗಳಲ್ಲಿ ಆರಂಭಿಸಿದವು. 1982ರಲ್ಲಿ ಏಕಲವ್ಯ ಸಂಸ್ಥೆ ಹೊಣೆ ಹೊತ್ತಿತು. ಆರರಿಂದ ಎಂಟನೇ ತರಗತಿಯವರೆಗಿನ ಹಳ್ಳಿಯ ಮಕ್ಕಳು ಊರಾಚೆ ಹೋಗಿ ನೋಡಿದರು, ಮಣ್ಣು ತಂದು ಪರೀಕ್ಷಿಸಿದರು, ಕಂಡದ್ದನ್ನು ತಾವೇ ಬರೆದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಕೈಯಾರೆ ಮಾಡಿ ತೋರಿಸುವ ಭಾಗವೂ ಇತ್ತು. ರಾಜ್ಯ ಸರ್ಕಾರ 2002ರಲ್ಲಿ ಇದನ್ನು ನಿಲ್ಲಿಸಿತು. ಆ ನಷ್ಟವನ್ನು ನಾವಿನ್ನೂ ತುಂಬಿಕೊಂಡಿಲ್ಲ.

ಇನ್ನೊಂದು ಕಡೆ, ವಕೀಲ ಎಂ. ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದಿಂದ ಪರಿಸರ ಶಿಕ್ಷಣ ಕಡ್ಡಾಯದ ಹಾದಿ ಹಿಡಿಯಿತು. ಅಗತ್ಯವಾದ ತೀರ್ಪು. ಆದರೂ ಅನೇಕ ಶಾಲೆಗಳಲ್ಲಿ ಅದು ಪ್ರತಿಜ್ಞೆ, ಘೋಷಣೆ, ಸಸಿ ನೆಡುವ ದಿನಾಚರಣೆಗೆ ನಿಂತಿತು. ನೆಟ್ಟ ಸಸಿ ಒಣಗಿದಾಗ, ಯಾಕೆ ಒಣಗಿತು ಎಂಬ ಪಾಠ ನಡೆಯಬೇಕಿತ್ತು.

ಈ ನಡುವೆ ಮಕ್ಕಳ ಯೋಚನೆಯನ್ನೇ ಸಂಶೋಧಕರು ಅಭ್ಯಾಸ ಮಾಡತೊಡಗಿದ್ದರು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜಾನ್ ಲೀಚ್, ರೊಸಲಿಂಡ್ ಡ್ರೈವರ್ ಮತ್ತು ಸಂಗಡಿಗರು 1990ರ ದಶಕದಲ್ಲಿ 5ರಿಂದ 16 ವರ್ಷದವರನ್ನು ಮಾತಾಡಿಸಿದರು. ಕೊಳೆತ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದು ಬಹಳ ಮಕ್ಕಳಿಗೆ ಅಸ್ಪಷ್ಟವಾಗಿತ್ತು. ಹಾರ್ವರ್ಡ್‌ನ ಟೀನಾ ಗ್ರೋಟ್ಜರ್ ಅವರ ಅಧ್ಯಯನಗಳು ಇನ್ನೂ ಮುಂದೆ ಹೋದವು: ಪಕ್ಕದ ಕಾರಣ ಮಕ್ಕಳಿಗೆ ಕಾಣುತ್ತದೆ, ಮೂರ್ನಾಲ್ಕು ಹಂತ ಹಿಂದಿನದು, ಕಣ್ಣಿಗೆ ಬೀಳದ್ದು, ನಿಧಾನವಾಗಿ ಕೂಡಿಬಂದದ್ದು ಕಾಣುವುದಿಲ್ಲ.

ಇದಕ್ಕೆ ಉತ್ತರವಾಗಿ ಗ್ರೋಟ್ಜರ್, ಕ್ರಿಸ್ ಡೀಡ್ ಮತ್ತು ತಂಡದವರು ಕಂಪ್ಯೂಟರಿನಲ್ಲಿ ಒಂದು ಕೊಳವನ್ನು ಕಟ್ಟಿದರು. ಇಕೋಮೂವ್ ಎಂದು ಅದರ ಹೆಸರು. ಒಂದು ದಿನ ಆ ಕೊಳದ ದೊಡ್ಡ ಮೀನುಗಳು ಸತ್ತು ಬಿದ್ದಿರುತ್ತವೆ. ಮಕ್ಕಳು ಹಿಂದಿನ ದಿನಗಳಿಗೆ ಮರಳಿ ಹೋಗಿ ಉಷ್ಣತೆ, ಫಾಸ್ಫೇಟ್, ಕರಗಿದ ಆಮ್ಲಜನಕವನ್ನು ಅಳೆಯುತ್ತಾರೆ. ಕೊನೆಗೆ ಅವರಿಗೆ ತಿಳಿಯುವುದು ಇಷ್ಟು: ಮಳೆಗೆ ಕೊಚ್ಚಿಬಂದ ಗೊಬ್ಬರದಿಂದ ಪಾಚಿ ಉಕ್ಕಿತು, ಪಾಚಿ ಸತ್ತಿತು, ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನು ಬಳಸಿಬಿಟ್ಟವು, ಗಾಳಿಯಾಡದ, ಮೋಡ ಕವಿದ, ಬೆಚ್ಚನೆಯ ದಿನಗಳಲ್ಲಿ ಅದು ಮತ್ತೆ ತುಂಬಲಿಲ್ಲ. ಜೀವವಿಲ್ಲದ್ದು ಜೀವಿಯನ್ನು ಬದಲಿಸಿತು, ಜೀವಿ ತಿರುಗಿ ಜೀವವಿಲ್ಲದ್ದನ್ನು ಬದಲಿಸಿತು. ಈ ಎರಡನೆಯ ಅರ್ಧವನ್ನು ನಮ್ಮ ಪಾಠಗಳು ಹೇಳುವುದು ಕಡಿಮೆ.

2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದವು. ಆಮ್ಲಜನಕ ಕುಸಿದದ್ದು ಅಲ್ಲಿಯೂ ಚರ್ಚೆಗೆ ಬಂತು. ಅಂಥ ಕೆರೆಯ ಸನಿಹದ ಶಾಲೆಗೆ ಪರದೆಯ ಕೊಳ ಬೇಕಿಲ್ಲ. ಒಂದು ಉಷ್ಣತಾಮಾಪಕ, ಆಮ್ಲಜನಕ ಅಳೆಯುವ ಅಗ್ಗದ ಕಿಟ್, ವರ್ಷವಿಡೀ ವಾರಕ್ಕೊಮ್ಮೆ ಬರೆದಿಡುವ ನೋಟ್‌ಬುಕ್ ಸಾಕು. ಅದಕ್ಕೆ ಬೇಕಾದ ಅವಧಿಯನ್ನು ವೇಳಾಪಟ್ಟಿ ಕೊಡಬೇಕು, ಪ್ರಶ್ನೆಪತ್ರಿಕೆ ಅದಕ್ಕೆ ಅಂಕ ಇಡಬೇಕು. ಅಜೈವಿಕ ಘಟಕಗಳಿಗೆ ಎರಡು ಉದಾಹರಣೆ ಕೊಡಿ ಎಂಬ ಪ್ರಶ್ನೆಯ ಜಾಗದಲ್ಲಿ ಮಕ್ಕಳದೇ ನೋಟ್‌ಬುಕ್ಕಿನ ನಾಲ್ಕು ವಾರದ ಅಳತೆ ಕೊಟ್ಟು, ಮುಂದಿನ ವಾರ ಕೆರೆಯಲ್ಲಿ ಏನಾಗಬಹುದು, ಯಾಕೆ ಎಂದು ಕೇಳಬಹುದು.