ಹರಳೆಣ್ಣೆ ಕುಡಿದ ವಿಮಾನಗಳು

ಮಗುವಿನ ನೆತ್ತಿಗೆ ತಟ್ಟಲು, ಎಣ್ಣೆನೀರಿನ ದಿನ ಮೈಗೆ ತಿಕ್ಕಲು, ಹೊಟ್ಟೆ ಕಟ್ಟಿದಾಗ ಮೂಗು ಹಿಡಿದು ಕುಡಿಯಲು ಬೇಕಾಗುತ್ತಿದ್ದ ಹರಳೆಣ್ಣೆ ಕನ್ನಡಿಗರಿಗೆ ಹಳೆಯ ಪರಿಚಯ. ಮೊದಲ ಮಹಾಯುದ್ಧದಲ್ಲಿ ಇದೇ ಎಣ್ಣೆಯನ್ನು ಯುದ್ಧವಿಮಾನಗಳ ಎಂಜಿನ್‌ಗೆ ಸುರಿಯುತ್ತಿದ್ದರು.

ಬೇರೆ ದಾರಿ ಇರಲಿಲ್ಲ. ಫ್ರಾನ್ಸಿನ ಸೆಗ್ಯಾಂ ಸಹೋದರರು 1909ರ ಹೊತ್ತಿಗೆ ಹೊರತಂದ ‘ನೋಮ್’ ರೋಟರಿ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್ ನಿಂತಲ್ಲೇ ನಿಲ್ಲುತ್ತಿತ್ತು; ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗರಗರ ಸುತ್ತುತ್ತಿದ್ದವು. ಸುತ್ತುವ ಗಾಳಿಯೇ ಅವನ್ನು ತಂಪಾಗಿಡುತ್ತಿತ್ತು. ತೊಡಕಿದ್ದದ್ದು ಒಳಗೆ. ಪೆಟ್ರೋಲು ಕ್ರ್ಯಾಂಕ್‌ಕೇಸನ್ನು ಹಾದೇ ಸಿಲಿಂಡರ್ ಸೇರಬೇಕಿತ್ತು. ಕಚ್ಚಾತೈಲದಿಂದ ತೆಗೆದ ಆಯಿಲ್ ಹಾಕಿದರೆ ಅದು ಪೆಟ್ರೋಲಿನಲ್ಲಿ ಕರಗಿ, ಬೇರಿಂಗುಗಳು ಒಣಗುತ್ತಿದ್ದವು. ಹರಳೆಣ್ಣೆ ಪೆಟ್ರೋಲಿನೊಂದಿಗೆ ಸುಲಭಕ್ಕೆ ಬೆರೆಯುವುದಿಲ್ಲ; ಕಾದ ಲೋಹವನ್ನೂ ಬಿಡದೆ ಅಂಟಿಕೊಳ್ಳುತ್ತದೆ.

ಆದರೆ ಹಾಕಿದ ಎಣ್ಣೆ ಮರಳಿ ಟ್ಯಾಂಕಿಗೆ ಬರುತ್ತಿರಲಿಲ್ಲ. ಅರೆಬೆಂದು ಹೊಗೆಯ ಜೊತೆ ಹೊರಬಿದ್ದು, ಹಿಂದೆ ಕೂತ ಪೈಲಟ್‌ನ ಮುಖಕ್ಕೆ ಸಿಡಿಯುತ್ತಿತ್ತು. ಇಂಥ ಎಂಜಿನ್ನಿನ ‘ಸಾಪ್‌ವಿತ್ ಕ್ಯಾಮೆಲ್’ ಯುದ್ಧವಿಮಾನ ಹಾರಿಸುವವನು ಕನ್ನಡಕದ ಜಿಡ್ಡನ್ನು ಆಗಾಗ ಒರೆಸಿಕೊಳ್ಳಬೇಕಿತ್ತು. ಉಸಿರಿನೊಡನೆ ಒಳಹೋದ ಹರಳೆಣ್ಣೆ ಹೊಟ್ಟೆಯಲ್ಲೂ ತನ್ನ ಹಳೇ ಕೆಲಸ ಮರೆಯುತ್ತಿರಲಿಲ್ಲ ಎಂಬುದು ಆ ಕಾಲದ ಪೈಲಟ್‌ಗಳ ಕತೆ.

ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಕಂಪನಿಯೂ ಹರಳೆಣ್ಣೆ ಬೆರೆಸಿದ ಆಯಿಲ್ ಮಾರುತ್ತಿತ್ತು. ಹರಳಿನ ಇಂಗ್ಲಿಷ್ ಹೆಸರಾದ ‘ಕ್ಯಾಸ್ಟರ್’ನಿಂದಲೇ 1909ರಲ್ಲಿ ‘ಕ್ಯಾಸ್ಟ್ರಾಲ್’ ಹುಟ್ಟಿತು.

ಯುದ್ಧ ಜೋರಾದಂತೆ ಹರಳಿಗೆ ಬರ ಬಂತು. ಅಮೆರಿಕ ತನ್ನ ದಕ್ಷಿಣದ ರಾಜ್ಯಗಳಲ್ಲಿ ಹರಳು ಬಿತ್ತಿಸಲು ಭಾರತದಿಂದ ಬೀಜ ತರಿಸಿತು. ಅಷ್ಟರಲ್ಲಿ ಅಲ್ಲಿನ ‘ಲಿಬರ್ಟಿ’ ಎಂಜಿನ್ ಸಿದ್ಧವಾಗಿತ್ತು. ಅದರ ಸಿಲಿಂಡರುಗಳು ಸುತ್ತುತ್ತಿರಲಿಲ್ಲ, ತಂಪಿಗೆ ನೀರಿತ್ತು, ಪೆಟ್ರೋಲು ಕ್ರ್ಯಾಂಕ್‌ಕೇಸಿಗೆ ಹೋಗುತ್ತಿರಲಿಲ್ಲ. ಖನಿಜ ಆಯಿಲ್ಲೇ ಅದಕ್ಕೆ ಸಾಕಾಯಿತು.

ಒಂದೇ ಆಯಿಲ್ ತಿಂಗಳುಗಟ್ಟಲೆ ಓಡಬೇಕಾದ ಕಾರುಗಳಿಗೆ ಹರಳೆಣ್ಣೆ ಹೊಂದಲಿಲ್ಲ. ಕಾದು ಕಾದು ಅದು ಗೋಂದಿನಂತಾಗಿ ಪಿಸ್ಟನ್ ರಿಂಗುಗಳನ್ನು ಕಚ್ಚಿಕೊಳ್ಳುತ್ತಿತ್ತು. ಅಲ್ಲೂ ಖನಿಜ ಆಯಿಲ್ಲೇ ನೆಲೆಯೂರಿತು. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇ 1911ರಿಂದಲೇ ಆಯಿಲ್‌ಗಳನ್ನು ವರ್ಗ ಮಾಡತೊಡಗಿತ್ತು. ದಪ್ಪ-ತೆಳುವಿನ ಲೆಕ್ಕಕ್ಕೆ ಅಂಕಿಗಳು ಬಂದವು, ಚಳಿಗಾಲಕ್ಕೆಂದು ‘ಡಬ್ಲ್ಯೂ’ ಅಕ್ಷರವೂ ಸೇರಿತು. ಇಂದು ಡಬ್ಬದ ಮೇಲೆ ಕಾಣುವ ‘20ಡಬ್ಲ್ಯೂ-40’ ಅದರ ಕುಡಿ.

ಹರಳೆಣ್ಣೆ ಪೂರ್ತಿ ಮರೆಯಾಗಿಲ್ಲ. ಅಂಗೈಯಗಲದ ಎಂಜಿನ್ ಕೂರಿಸಿದ ಮಾದರಿ ವಿಮಾನ ಹಾರಿಸುವವರ ಬಳಿ ಅದು ಈಗಲೂ ಇದೆ. ಆ ಎಂಜಿನ್ ಓಡುವುದು ಮೆಥನಾಲ್‌ನಲ್ಲಿ. ಪೆಟ್ರೋಲಿಗೆ ಬೆರೆಯಲೊಪ್ಪದ ಹರಳೆಣ್ಣೆ ಮೆಥನಾಲ್‌ನಲ್ಲಿ ಸಲೀಸಾಗಿ ಕರಗುತ್ತದೆ.