ಎಂ.ವಿ. ರಾಜಮ್ಮ: ಮೇಷ್ಟ್ರ ಹೆಂಡತಿಯಷ್ಟೇ ಅಲ್ಲ

ನಮ್ಮ ಶಾಲೆಯ ಮೊದಲ ವರ್ಷಗಳ ಒಂದು ವಾರ್ಷಿಕೋತ್ಸವದ ನಾಟಕದಲ್ಲಿ ತಾಯಿಯ ಪಾತ್ರ ಮಾಡಿದವನು ನನ್ನ ತರಗತಿಯ ಹುಡುಗ. ಅವನು ಉಟ್ಟಿದ್ದು ನಮ್ಮವ್ವನ ಸೀರೆ. ಆ ಪಾತ್ರದ ಮಾತೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಹೆಣ್ಣುಮಕ್ಕಳು ಬಣ್ಣ ಹಚ್ಚಬಾರದೆಂದು ಮನೆಯಲ್ಲಿ ತಡೆದರು. ಪರದೆಯ ಹಿಂದೆ ಕೂತು ಅವನಿಗೆ ಮಾತು ಎತ್ತಿಕೊಟ್ಟೆ.

ಅದೇ ವರ್ಷ ಜಾತ್ರೆಯ ಟೆಂಟಿಗೆ 'ಸ್ಕೂಲ್ ಮಾಸ್ಟರ್' ಬಂತು. 1958ರ ಆ ಚಿತ್ರವನ್ನು ನಿರ್ದೇಶಿಸಿ, ಮೇಷ್ಟ್ರ ಪಾತ್ರವನ್ನೂ ಮಾಡಿದವರು ಬಿ.ಆರ್. ಪಂತುಲು. ಅವರ ಹೆಂಡತಿಯಾಗಿ ಎಂ.ವಿ. ರಾಜಮ್ಮ. ನಿವೃತ್ತರಾದ ಮೇಷ್ಟ್ರನ್ನು ಹೆತ್ತ ಮಕ್ಕಳೇ ಕಡೆಗಣಿಸಿದಾಗ, ಹಳೆಯ ಶಿಷ್ಯ ಕೈಹಿಡಿಯುವ ಕಥೆ. ಟೆಂಟಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳದ ಹೆಂಗಸರಿರಲಿಲ್ಲ. ನಮ್ಮವ್ವನೂ ಅತ್ತಳು. ಬಣ್ಣ ಹಚ್ಚಿದ ಆ ಹೆಣ್ಣುಮಗಳ ಬಗ್ಗೆ ಯಾರೂ ಕೆಟ್ಟ ಮಾತಾಡಲಿಲ್ಲ. ರಾಜಮ್ಮ ಯಾರೆಂದು ತಿಳಿಯುವ ಆಸೆ ನನಗೆ ಹುಟ್ಟಿದ್ದು ಅಂದು.

ಬೆಂಗಳೂರಿನ ಸಮೀಪದ ದೇವನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 1921ರಲ್ಲಿ ರಾಜಮ್ಮ ಹುಟ್ಟಿದರು. ಕಂಪನಿ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದ ಕಾಲವದು. ಇನ್ನೂ ಚಿಕ್ಕವರಿರುವಾಗಲೇ ಅವರು ಚಂದ್ರಕಲಾ ನಾಟಕ ಮಂಡಳಿಯ ರಂಗವೇರಿದರು. ಆ ಮಂಡಳಿಯ 'ಸಂಸಾರ ನೌಕೆ' ಜನಪ್ರಿಯವಾಗಿತ್ತು. ಎಚ್.ಎಲ್.ಎನ್. ಸಿಂಹ 1936ರಲ್ಲಿ ಅದನ್ನು ಚಿತ್ರ ಮಾಡಿದಾಗ ಪಂತುಲು ನಾಯಕ, ರಾಜಮ್ಮ ನಾಯಕಿ. ಅದುವರೆಗಿನ ಕನ್ನಡ ಮಾತಿನ ಚಿತ್ರಗಳು ಹೆಚ್ಚಾಗಿ ಪುರಾಣದ ಕಥೆಗಳು. 'ಸಂಸಾರ ನೌಕೆ' ನಮ್ಮ ನಿಮ್ಮಂಥವರ ಸಂಸಾರವನ್ನು ಪರದೆಗೆ ತಂದ ಮೊದಲ ಕನ್ನಡ ಚಿತ್ರ.

ಆಮೇಲೆ ಅವರ ಕಾರ್ಯಕ್ಷೇತ್ರ ಮದರಾಸು ಪ್ರಾಂತ್ಯ. 1940ರ 'ಉತ್ತಮ ಪುತ್ತಿರನ್', 1941ರ 'ಗುಮಾಸ್ತಾವಿನ್ ಪೆಣ್' ಚಿತ್ರಗಳಿಂದ ತಮಿಳರ ಮನೆಮಾತಾದರು. ಅಲ್ಲೇ ನಾಯಕಿಯಾಗಿ ಸುಖವಾಗಿ ಇದ್ದುಬಿಡಬಹುದಿತ್ತು. ಆದರೆ 1943ರಲ್ಲಿ ತಾವೇ ಮುಂದೆ ನಿಂತು ಕನ್ನಡದಲ್ಲಿ 'ರಾಧಾ ರಮಣ' ನಿರ್ಮಿಸಿದರು. ಅದು ಮಹಾಯುದ್ಧದ ಕಾಲ. ಕಚ್ಚಾ ಫಿಲ್ಮಿಗೆ ಬರ. ಕನ್ನಡ ಚಿತ್ರ ಬರುವುದೇ ಅಪರೂಪ. ಅಂಥ ಹೊತ್ತಿನಲ್ಲಿ ಇಪ್ಪತ್ತೆರಡರ ಆಸುಪಾಸಿನ ಹೆಣ್ಣುಮಗಳೊಬ್ಬಳು ಹಣದ ಹೊಣೆ ಹೊತ್ತು ಕನ್ನಡದ ಮೊದಲ ಮಹಿಳಾ ನಿರ್ಮಾಪಕಿಯಾದಳು. ಜಿ.ವಿ. ಅಯ್ಯರ್, ಬಾಲಕೃಷ್ಣ ಇಬ್ಬರೂ ಚಿತ್ರರಂಗಕ್ಕೆ ಕಾಲಿಟ್ಟದ್ದು ಇದೇ ಚಿತ್ರದಿಂದ.

ವಯಸ್ಸಾದಂತೆ ತಾಯಿಯ ಪಾತ್ರಗಳು ಬಂದವು. 1964ರಲ್ಲಿ ಪಂತುಲು ಅವರ ತಮಿಳು 'ಕರ್ಣನ್' ಚಿತ್ರದಲ್ಲಿ ಕುಂತಿಯಾದರು. 1999ರಲ್ಲಿ ತೀರಿಕೊಂಡಾಗ ಹೆಚ್ಚಿನ ಜನರ ನೆನಪಿನಲ್ಲಿ ಉಳಿದಿದ್ದದ್ದು ಆ ತಾಯಿಯ ಮುಖವೇ. ಮೊದಲು ರಂಗವೇರಿದ ಹುಡುಗಿಯನ್ನು, ಚಿತ್ರ ನಿರ್ಮಿಸಿದ ಯಜಮಾನಿಯನ್ನು ನಾವು ಮರೆತೆವು.

ನಾನು ಮುಂದೆ ಶಿಕ್ಷಕಿಯಾಗಿ ಹಲವು ವಾರ್ಷಿಕೋತ್ಸವಗಳ ನಾಟಕ ಆಡಿಸಿದೆ. ಪ್ರತಿ ಸಲವೂ ಯಾರಾದರೂ ತಂದೆ ಬಂದು, "ನಮ್ಮ ಹುಡುಗೀನ ನಾಟಕಕ್ಕೆ ಸೇರಿಸಬೇಡಿ ಟೀಚರಮ್ಮ" ಎನ್ನುತ್ತಿದ್ದರು. ಅವರನ್ನು ಕೂರಿಸಿ, "ಸ್ಕೂಲ್ ಮಾಸ್ಟರ್ ನೋಡಿದ್ದೀರಾ?" ಎಂದು ಮಾತು ತೆಗೆಯುತ್ತಿದ್ದೆ. ಎಲ್ಲರೂ ಒಪ್ಪಲಿಲ್ಲ, ಕೆಲವರು ಒಪ್ಪಿದರು. ಈ ಸುವರ್ಣ ಮಹೋತ್ಸವದ ನಾಟಕದಲ್ಲಿ ತಾಯಿಯ ಪಾತ್ರ ಮಾಡುತ್ತಿರುವವಳು ನಮ್ಮೂರಿನ ಒಂಬತ್ತನೇ ತರಗತಿಯ ಹುಡುಗಿ. ಅವಳಿಗೆ ಉಡಲು ಅವ್ವನ ಆ ಹಳೆಯ ಸೀರೆಯನ್ನೇ ಕೊಟ್ಟಿದ್ದೇನೆ.