ಕುಂಭೋಜದ ಬಾಹುಬಲಿ: ಹೊಸ ಶಿಲೆ, ಹಳೆಯ ರೂಪ

ಗೊಮ್ಮಟನೆಂದೊಡನೆ ಕನ್ನಡಿಗನ ಕಣ್ಣೆದುರು ನಿಲ್ಲುವುದು ಕಗ್ಗಲ್ಲಿನ ಮೂರ್ತಿ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ಮಾಡಿಸಿದ ಸುಮಾರು 58 ಅಡಿಯ ವಿಗ್ರಹ, 1432ರ ಕಾರ್ಕಳದ 42 ಅಡಿಯ ವಿಗ್ರಹ, 1604ರ ವೇಣೂರಿನ 35 ಅಡಿಯ ವಿಗ್ರಹ, ಇವು ಮೂರೂ ಗ್ರಾನೈಟಿನವು. ಮುಂದೆ ಧರ್ಮಸ್ಥಳಕ್ಕಾಗಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು 39 ಅಡಿಯ ಮೂರ್ತಿಯನ್ನು ಕಂಡರಿಸಿದಾಗಲೂ ಆ ಶಿಲೆಯೇ ಉಳಿಯಿತು.

ಈ ನಡುವೆ, 1963ರಲ್ಲಿ, ಕೊಲ್ಹಾಪುರ ಜಿಲ್ಲೆಯ ಕುಂಭೋಜದ ಬಳಿಯ ಬಾಹುಬಲಿ ಕ್ಷೇತ್ರದಲ್ಲಿ 28 ಅಡಿಯ ಅಮೃತಶಿಲೆಯ ಮೂರ್ತಿಯೊಂದು ಪ್ರತಿಷ್ಠಿತವಾಯಿತು. ಇದಕ್ಕೆ ಪ್ರೇರಕರು ಸಮಂತಭದ್ರ ಮಹಾರಾಜರು. ಡೊಂಬಿವಲಿ ಎಂಐಡಿಸಿಯ ಕಡೆಯಿಂದ ಬೆಳಗಾವಿಯತ್ತ ಊರಿಗೆ ಹೊರಟ ಕನ್ನಡಿಗರಿಗೆ ಇದು ಹೆದ್ದಾರಿಯಿಂದ ಬಹುದೂರದ ಸ್ಥಳವಲ್ಲ. ಗಡಿಸೀಮೆಯ ಈ ಜೈನ ಕೇಂದ್ರಕ್ಕೆ ಮರಾಠಿಗರೂ ಕನ್ನಡಿಗರೂ ಸಮಾನವಾಗಿ ನಡೆದುಕೊಳ್ಳುತ್ತಾರೆ.

ಶಿಲೆ ಬದಲಾದರೆ ಬದಲಾಗುವುದು ಬಣ್ಣ ಮಾತ್ರವಲ್ಲ. ಗ್ರಾನೈಟು ಉಳಿಗೆ ಸುಲಭವಾಗಿ ಮಣಿಯದು. ಮಳೆಬಿಸಿಲುಗಳನ್ನು ಶತಮಾನಗಳ ಕಾಲ ತಾಳಬಲ್ಲದು. ಅಮೃತಶಿಲೆ ಮೃದು. ಬೆಳಕು ಅದರ ಮೇಲ್ಮೈಯೊಳಕ್ಕೆ ತುಸು ಇಳಿದು ಹೊರಳುವುದರಿಂದ ಅಂಗಾಂಗಗಳ ನೆರಳು ಕರಗಿದಂತೆ ತೋರುತ್ತದೆ. ಆದರೆ ಅದು ಸುಣ್ಣದ ಅಂಶದ ಕಲ್ಲಾದುದರಿಂದ ಆಮ್ಲ ಅದನ್ನು ಸವೆಸುತ್ತದೆ. ರಾಸಾಯನಿಕ ಕಾರ್ಖಾನೆಗಳ ನಡುವೆ ಬಾಳುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗಿದ್ದರೂ ದಿಗಂಬರ ಕಾಯೋತ್ಸರ್ಗದ ನಿಲುವು ಕಿಂಚಿತ್ತೂ ಕದಲಿಲ್ಲ.

ಅದೇ ಶತಮಾನದ ಪಾಶ್ಚಾತ್ಯ ಶಿಲ್ಪದಲ್ಲಿ ಇದರ ವಿಲೋಮವನ್ನು ಕಾಣಬಹುದು. ಜೇಕಬ್ ಎಪ್‌ಸ್ಟೀನನು 1934–35ರಲ್ಲಿ ಇಟಲಿಯ ಸುಬಿಯಾಕೊ ಅಮೃತಶಿಲೆಯಲ್ಲಿ ‘ಎಕ್ಕೆ ಹೋಮೊ’ ಎಂಬ ಕ್ರಿಸ್ತನ ಮೂರ್ತಿಯನ್ನು ಕೆತ್ತಿದನು. ಶಿಲೆ ಯುರೋಪಿಗೆ ಚಿರಪರಿಚಿತ. ರೂಪ ಮಾತ್ರ ಹೊಸದು. ತಲೆ ಭಾರಿ, ದೇಹ ಕುಬ್ಜ, ಕಲ್ಲು ಕಲ್ಲಾಗಿಯೇ ಉಳಿದಂತಿರುವ ಕಟ್ಟು. ಜನ ಕೆರಳಿದರು. ಶಿಲ್ಪಿಯು 1959ರಲ್ಲಿ ತೀರಿಕೊಳ್ಳುವವರೆಗೂ ಅದಕ್ಕೆ ಯಾವ ಚರ್ಚಿನಲ್ಲಿಯೂ ನೆಲೆ ದೊರೆಯಲಿಲ್ಲ. 1969ರಲ್ಲಿ ಕಾವೆಂಟ್ರಿಯ ಭಗ್ನ ಕೆಥೆಡ್ರಲ್ ಅದನ್ನು ಬರಮಾಡಿಕೊಂಡಿತು.

ಆರಾಧಕ ಸಮಾಜವು ದ್ರವ್ಯದ ಬದಲಾವಣೆಯನ್ನು ಸುಲಭವಾಗಿ ಒಪ್ಪುತ್ತದೆ, ಲಕ್ಷಣದ ಬದಲಾವಣೆಗೆ ಕಾಲಾವಕಾಶ ಕೇಳುತ್ತದೆ ಎಂಬುದು ಈ ಎರಡು ನಿದರ್ಶನಗಳಿಂದ ವ್ಯಕ್ತವಾಗುವ ಸಂಗತಿ.

ಬೆಳಗೊಳದ ಗೊಮ್ಮಟನ ಪಾದದೆಡೆಯಲ್ಲಿ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳ ಬರಹಗಳಿವೆ; ಅಲ್ಲಿಯ ಮರಾಠಿ ಬರಹವು ಆ ನುಡಿಯ ಪ್ರಾಚೀನ ಶಾಸನಗಳಲ್ಲೊಂದು. ಅಂದು ಮರಾಠಿಯು ಕನ್ನಡನಾಡಿನ ಬೆಟ್ಟವೇರಿ ಗೊಮ್ಮಟನ ಅಡಿಯಲ್ಲಿ ನೆಲೆ ಪಡೆಯಿತು. 1963ರಲ್ಲಿ ಗೊಮ್ಮಟನು ಮರಾಠಿ ನೆಲದಲ್ಲಿ ಬಿಳಿಯ ಶಿಲೆಯನ್ನು ತಳೆದು ನಿಂತನು. ಪರನೆಲದಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂದು ನಿತ್ಯವೂ ಯೋಚಿಸಬೇಕಾದ ಕನ್ನಡಿಗರಿಗೆ ಕುಂಭೋಜದ ಮೂರ್ತಿಯು ಪರಿಶೀಲನಾರ್ಹವಾಗಿದೆ.